ತಾತ್ಕಾಲಿಕವಾಗಿ ಮುಚ್ಚಲಾಗಿದೆ

ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳನ್ನು ಜುಹೂ ಎಂದರೇನು ಎಂದು ಕೇಳಿ ನೋಡಿ. ಸಮುದ್ರ, ಭೇಲ್‌ಪುರಿ, ಸಿನಿಮಾ ನಟರ ಬಂಗಲೆ ಎನ್ನುತ್ತಾರೆ. ವಿಲೇಪಾರ್ಲೆಯ ಪಶ್ಚಿಮಕ್ಕೆ, ಉದ್ದನೆಯ ಗೋಡೆಯಾಚೆ ಒಂದು ಹಳೆಯ ವಿಮಾನ ನಿಲ್ದಾಣವಿದೆ ಎಂಬುದು ಅವರ ನೆನಪಿಗೆ ಬರುವುದು ತಲೆಯ ಮೇಲೆ ಹೆಲಿಕಾಪ್ಟರ್ ಸದ್ದು ಮಾಡಿದಾಗ ಮಾತ್ರ. ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ನಾನೂ ಅದನ್ನು ಯಾವುದೋ ಸರ್ಕಾರಿ ಮೈದಾನವೆಂದೇ ತಿಳಿದಿದ್ದೆ. 1928ರಲ್ಲಿ ಆರಂಭವಾದ ಈ ಜುಹೂ ನಿಲ್ದಾಣ ನಮ್ಮ ದೇಶದ ನಾಗರಿಕ ವಿಮಾನಯಾನದ ತವರುಮನೆ ಎಂದು ನನಗೆ ತಿಳಿಸಿಕೊಟ್ಟವರು ನಮ್ಮವರು.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಅಂಚೆಯ ಚೀಲ ಹೊತ್ತು, ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಬಂದಿಳಿದದ್ದು ಇಲ್ಲಿಯೇ. ಇಲ್ಲಿಂದ ಮುಂದಕ್ಕೆ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಅಂಚೆಯನ್ನು ನಮ್ಮ ಬಳ್ಳಾರಿಯ ಮೂಲಕ ಮದ್ರಾಸಿಗೆ ಒಯ್ದರು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತೆನ್ನಿ. ಆದರೂ ಆ ಮೊದಲ ವಿಮಾನ ಅಂಚೆಯ ದಾರಿಯಲ್ಲಿ ಒಂದು ಕನ್ನಡದ ಊರಿತ್ತೆಂದು ಓದಿದಾಗ ನನಗೆ ಹೆಮ್ಮೆಯೆನಿಸಿತ್ತು.

ಆದರೆ ಜುಹೂವಿನ ಆಗಿನ ನೆಲ ಬರೀ ಕೆಸರು. ಮಳೆಗಾಲ ಬಂತೆಂದರೆ ನೀರು ನಿಂತು ವಿಮಾನ ಇಳಿಯುವ ಹಾಗಿರಲಿಲ್ಲ. ಟಾಟಾ ಕಂಪನಿಯವರು ಗಂಟುಮೂಟೆ ಕಟ್ಟಿಕೊಂಡು ಪುಣೆಗೆ ಹೋಗಿ, ಅಲ್ಲಿಂದ ಅಂಚೆ ಸಾಗಿಸಿ, ಮಳೆ ನಿಂತ ಮೇಲೆ ಮರಳುತ್ತಿದ್ದರು. ಆಷಾಢಕ್ಕೆ ತವರಿಗೆ ಹೋಗಿ ಶ್ರಾವಣಕ್ಕೆ ಮರಳಿ ಬರುವ ಹೊಸ ಸೊಸೆಯ ಹಾಗೆ! ಸೊಸೆ ಮನೆ ಬಿಟ್ಟು ಹೋದಳೆಂದು ಆಗ ಯಾರೂ ಗಾಬರಿಯಾಗುವುದಿಲ್ಲ. ಹೋದವಳು ಯಾವಾಗ ಬರುತ್ತಾಳೆಂದು ಎಲ್ಲರಿಗೂ ಗೊತ್ತು.

ಮಳೆ ಮುಚ್ಚಿದ ಬಾಗಿಲನ್ನು ಬಿಸಿಲು ತೆರೆಯುತ್ತದೆ. ಆದರೆ ಮನುಷ್ಯನ ಭಯ ಮುಚ್ಚಿದ ಬಾಗಿಲನ್ನು ಯಾರು ತೆರೆಯುತ್ತಾರೆ? ಅದಕ್ಕೆ ಪಂಚಾಂಗದಲ್ಲಿ ದಿನವಿದೆಯೇ? ಈ ಪ್ರಶ್ನೆ ನನ್ನ ತಲೆಗೆ ಹೊಕ್ಕದ್ದು ಜುಹೂವಿನಲ್ಲಿ ಅಲ್ಲ, ಸಾವಿರಾರು ಮೈಲಿ ದೂರದ ಅಮೆರಿಕೆಯಲ್ಲಿ, ಕಾಲೇಜ್ ಪಾರ್ಕ್ ಎಂಬ ಊರಿನ ಒಂದು ಪುಟ್ಟ ವಿಮಾನ ನಿಲ್ದಾಣದ ಬೇಲಿಯ ಬಳಿ. ಆ ಕತೆಯನ್ನು ನಿಮಗೆ, ಅದರಲ್ಲೂ ಈ ಊರುಗಳಲ್ಲಿ ಬೆಳೆಯುತ್ತಿರುವ ನಮ್ಮ ಎಳೆಯ ಓದುಗರಿಗೆ ಹೇಳಬೇಕೆಂದೇ ಈ ಬರಹ.

2019ರ ಅಕ್ಟೋಬರ್ ತಿಂಗಳು. ನಮ್ಮ ಮಗಳು ಆಗ ವಾಷಿಂಗ್ಟನ್ ನಗರದ ಪಕ್ಕದ ಮೇರಿಲ್ಯಾಂಡ್ ರಾಜ್ಯದ ಗ್ರೀನ್‌ಬೆಲ್ಟ್‌ನಲ್ಲಿದ್ದಳು. ನಾನೂ ನಮ್ಮವರೂ ಅವಳ ಮನೆಗೆ ಹೋಗಿದ್ದೆವು. ವಾಷಿಂಗ್ಟನ್ನಿನ ಶ್ವೇತಭವನ, ಲಿಂಕನ್ ಸ್ಮಾರಕ, ವಸ್ತುಸಂಗ್ರಹಾಲಯಗಳು ಎಲ್ಲವೂ ಆದವು. ಒಂದು ಶನಿವಾರ ನಮ್ಮವರು, "ಇಲ್ಲೇ ಮುಂದಿನ ಸ್ಟೇಷನ್ನಿನಲ್ಲಿ ರೈಟ್ ಸಹೋದರರ ವಿಮಾನ ನಿಲ್ದಾಣವಿದೆಯಂತೆ, ನೋಡೋಣ" ಎಂದರು. ಮಗಳಿಗೆ ಅಷ್ಟೇನೂ ಉತ್ಸಾಹವಿರಲಿಲ್ಲ. "ಅಪ್ಪಾ, ಅಲ್ಲಿ ಏನೂ ಇಲ್ಲ, ದಿನಾ ರೈಲಿನಿಂದ ನೋಡ್ತೀನಿ" ಎಂದಳು. ಆದರೂ ಬಂದಳು.

ಮೆಟ್ರೋ ರೈಲಿನ ಹಸಿರು ಲೈನಿನಲ್ಲಿ ಗ್ರೀನ್‌ಬೆಲ್ಟ್ ಕೊನೆಯ ಸ್ಟೇಷನ್ನು. ಅದರ ಪಕ್ಕದ್ದೇ ಕಾಲೇಜ್ ಪಾರ್ಕ್. ಇಳಿದು ಸ್ವಲ್ಪ ದೂರ ನಡೆದರೆ ವಿಮಾನ ನಿಲ್ದಾಣ. ಒಂದು ಕಡೆ ರೈಲು ಹಳಿ, ಉಳಿದ ಕಡೆ ಮರಗಳು. ನಡುವೆ ಸುಮಾರು 2,600 ಅಡಿ ಉದ್ದದ ಒಂದೇ ಒಂದು ರನ್‌ವೇ. ಅಂದರೆ ಒಂದು ಕಿಲೋಮೀಟರಿಗೂ ಕಡಿಮೆ! ಕಂಟ್ರೋಲ್ ಟವರ್ ಇಲ್ಲ. ರೆಕ್ಕೆಗೆ ಹಗ್ಗ ಬಿಗಿದು ನೆಲಕ್ಕೆ ಕಟ್ಟಿದ ಪುಟ್ಟ ಪುಟ್ಟ ವಿಮಾನಗಳು, ಕೊಟ್ಟಿಗೆಯಲ್ಲಿ ಕಟ್ಟಿದ ಕರುಗಳ ಹಾಗೆ ಸಾಲಾಗಿ ನಿಂತಿದ್ದವು. ಇವು ಪ್ರಯಾಣಿಕರ ವಿಮಾನಗಳಲ್ಲ. ನಾವು ಸ್ಕೂಟರ್ ಇಟ್ಟುಕೊಂಡ ಹಾಗೆ, ಹಾರುವ ಆಸೆಯುಳ್ಳ ಸಾಮಾನ್ಯ ಜನ, ಅಂದರೆ ಮೇಷ್ಟರು, ದಂತವೈದ್ಯರು, ಪಿಂಚಣಿದಾರರು ಒಬ್ಬರೇ ಅಥವಾ ನಾಲ್ಕಾರು ಮಂದಿ ಸೇರಿ ಕೊಂಡುಕೊಂಡ ಎರಡು ನಾಲ್ಕು ಸೀಟಿನ ವಿಮಾನಗಳು.

ಮೈದಾನದ ಅಂಚಿನಲ್ಲಿ 1998ರಲ್ಲಿ ತೆರೆದ ವಸ್ತುಸಂಗ್ರಹಾಲಯವಿದೆ. ಅದರ ಒಂದು ಪಾರ್ಶ್ವ ಪೂರ್ತಿ ಗಾಜು. ಒಳಗಿನ ಹಳೆಯ ವಿಮಾನಗಳನ್ನು ನೋಡುತ್ತಲೇ ಹೊರಗಿನ ರನ್‌ವೇಯನ್ನೂ ನೋಡಬಹುದು. ಅಲ್ಲಿ ಓದಿ ತಿಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. 1909ರಲ್ಲಿ ಅಮೆರಿಕದ ಸೇನೆ ರೈಟ್ ಸಹೋದರರಿಂದ ಒಂದು ವಿಮಾನ ಕೊಂಡಿತು. ಕೊಟ್ಟವರೇ ಹಾರಿಸುವುದನ್ನೂ ಕಲಿಸಬೇಕೆಂದು ಕರಾರು. ಅದಕ್ಕಾಗಿ ಆರಿಸಿದ ಜಾಗವೇ ಈ ಮೈದಾನ. ಆ ಅಕ್ಟೋಬರಿನಲ್ಲಿ ವಿಲ್ಬರ್ ರೈಟ್ ಇಲ್ಲಿ ಇಬ್ಬರು ಸೇನಾಧಿಕಾರಿಗಳಿಗೆ ಪಾಠ ಹೇಳಿದರು. ಅದೇ ತಿಂಗಳ 27ರಂದು ಶ್ರೀಮತಿ ವಾನ್ ಡೆಮನ್ ಎಂಬ ಸೇನಾಧಿಕಾರಿಯೊಬ್ಬರ ಪತ್ನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಿದರು. ಅಮೆರಿಕದ ನೆಲದಿಂದ ವಿಮಾನವೇರಿದ ಮೊದಲ ಮಹಿಳಾ ಪ್ರಯಾಣಿಕಳು ಆಕೆ. ಯಾವ ರಕ್ಷಣೆಯೂ ಇಲ್ಲದ ಆ ಕಟ್ಟಿಗೆ ಬಟ್ಟೆಯ ಯಂತ್ರದಲ್ಲಿ ಹತ್ತಿ ಕೂತ ಆ ಗೃಹಿಣಿಯ ಧೈರ್ಯಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಮುಂದೆ 1918ರ ಆಗಸ್ಟ್ 12ರಿಂದ ಅಮೆರಿಕದ ಅಂಚೆ ಇಲಾಖೆಯ ವಿಮಾನಗಳು ಇಲ್ಲಿಂದ ಫಿಲಡೆಲ್ಫಿಯಾ, ನ್ಯೂಯಾರ್ಕ್‌ಗಳಿಗೆ ಹಾರಿದವು. ಗ್ರಾಮಫೋನ್ ತಟ್ಟೆಯನ್ನು ಕಂಡುಹಿಡಿದ ಎಮಿಲ್ ಬರ್ಲಿನರ್ ಮತ್ತು ಅವರ ಮಗ 1920ರ ದಶಕದಲ್ಲಿ ಹೆಲಿಕಾಪ್ಟರಿನ ಪ್ರಯೋಗ ನಡೆಸಿದ್ದೂ ಇಲ್ಲಿಯೇ. ನಿಲ್ದಾಣಕ್ಕೆ ಹೋಗುವ ರಸ್ತೆಗೆ ಕಾರ್ಪೊರಲ್ ಫ್ರಾಂಕ್ ಸ್ಕಾಟ್ ಎಂಬ ಹೆಸರಿದೆ. 1912ರಲ್ಲಿ ಇಲ್ಲಿ ನಡೆದ ವಿಮಾನ ಅಪಘಾತದಲ್ಲಿ ಮಡಿದ ಸೈನಿಕ ಅವನು. 1909ರಿಂದ ಇಂದಿನವರೆಗೂ ಬಳಕೆಯಲ್ಲಿರುವ ಈ ನಿಲ್ದಾಣವನ್ನು ಜಗತ್ತಿನ ಅತಿ ಹಳೆಯ, ನಿರಂತರವಾಗಿ ನಡೆದುಬಂದ ವಿಮಾನ ನಿಲ್ದಾಣವೆಂದು ಹೇಳುತ್ತಾರೆ.

"ನಿರಂತರವಾಗಿ" ಎಂಬ ಮಾತನ್ನು ನಾನು ಗಟ್ಟಿಯಾಗಿ ಓದುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಕೂತಿದ್ದ ಬಿಳಿಗೂದಲಿನ ಅಜ್ಜ ನಕ್ಕರು. "ಅದರಲ್ಲಿ ಐದು ತಿಂಗಳು ಕಳೆಯಬೇಕಮ್ಮಾ" ಎಂದರು. ಹೊರಗೆ ಕಟ್ಟಿದ್ದ ವಿಮಾನಗಳಲ್ಲಿ ಒಂದು ಅವರದೇ. ಶಾಲಾ ಮೇಷ್ಟರಾಗಿದ್ದು ನಿವೃತ್ತರಾದವರು. ನಾವು ಕೇಳುವವರು ಎಂದು ತಿಳಿದ ಮೇಲೆ ಅವರು ಹೇಳುತ್ತಾ ಹೋದರು. ಮಗಳು ಆಗಾಗ ಅವರ ಅಮೆರಿಕನ್ ಉಚ್ಚಾರಣೆಯನ್ನು ನನಗೆ ಬಿಡಿಸಿ ಹೇಳಿದಳು. ನನ್ನ ಬಿ.ಎ. ಇಂಗ್ಲಿಷ್ ಶೇಕ್ಸ್‌ಪಿಯರನಿಗೆ ಸಾಕಾಗಿತ್ತೇ ಹೊರತು ಮೇರಿಲ್ಯಾಂಡಿನ ಅಜ್ಜನಿಗೆ ಸಾಕಾಗಲಿಲ್ಲ.

2001ರ ಸೆಪ್ಟೆಂಬರ್ 11ರಂದು ಏನಾಯಿತೆಂದು ಎಲ್ಲರಿಗೂ ಗೊತ್ತು. ಅಂದು ಅಮೆರಿಕದ ಆಕಾಶದಲ್ಲಿದ್ದ ನಾಗರಿಕ ವಿಮಾನಗಳನ್ನೆಲ್ಲ ಕೆಳಗಿಳಿಸಿದರು. ದೊಡ್ಡ ಕಂಪನಿಗಳ ವಿಮಾನಗಳು ಎರಡು ಮೂರು ದಿನಗಳಲ್ಲಿ ಮತ್ತೆ ಹಾರತೊಡಗಿದವು. ಆದರೆ ಕಾಲೇಜ್ ಪಾರ್ಕ್‌ನಿಂದ ಶ್ವೇತಭವನಕ್ಕೆ ಎಂಟು ಮೈಲಿಯ ಆಸುಪಾಸು. ಹೀಗಾಗಿ ಇದನ್ನೂ, ವಾಷಿಂಗ್ಟನ್ನಿಗೆ ಹತ್ತಿರದ ಪೊಟೋಮ್ಯಾಕ್, ಹೈಡ್ ಫೀಲ್ಡ್ ಎಂಬ ಇನ್ನೆರಡು ಪುಟ್ಟ ನಿಲ್ದಾಣಗಳನ್ನೂ ಮುಚ್ಚಿಯೇ ಇಟ್ಟರು. ಈ ಮೂರಕ್ಕೂ ಸೇರಿ "ಮೇರಿಲ್ಯಾಂಡ್ ಥ್ರೀ" ಎಂಬ ಹೆಸರು ಬಿತ್ತು. ಎಷ್ಟು ದಿನ ಎಂದು ಯಾರೂ ಹೇಳಲಿಲ್ಲ. ತಾತ್ಕಾಲಿಕ ಎಂದಷ್ಟೇ ಹೇಳಿದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ನಮ್ಮ ಗಾದೆ ನನಗೆ ಥಟ್ಟನೆ ನೆನಪಾಯಿತು. ಅನಾಹುತ ಮಾಡಿದ್ದು ಭಾರೀ ದೊಡ್ಡ ವಿಮಾನಗಳಿಂದ. ಕಾಲು ಮುರಿದದ್ದು ಮಾರುತಿ ಕಾರಿನಷ್ಟೂ ತೂಕವಿಲ್ಲದ ವಿಮಾನಗಳದ್ದು. ಗಾದೆಯನ್ನು ಮಗಳು ಅನುವಾದಿಸಿ ಹೇಳಿದಾಗ ಅಜ್ಜ ಮನಸಾರೆ ನಕ್ಕರು. ಆದರೆ ಒಪ್ಪಿಕೊಳ್ಳಲಿಲ್ಲ. "ಪೂರ್ತಿ ಹಾಗೆ ಹೇಳಲಾರೆ. 1994ರಲ್ಲಿ ಒಬ್ಬ ಒಂದು ಪುಟ್ಟ ವಿಮಾನ ಕದ್ದು ತಂದು ಶ್ವೇತಭವನದ ಹುಲ್ಲುಹಾಸಿನ ಮೇಲೆ ಬೀಳಿಸಿದ್ದ. ಭಯಪಟ್ಟವರದು ತಪ್ಪಲ್ಲ. ಭಯಕ್ಕೆ ಒಂದು ಕೊನೆಯ ತಾರೀಕು ಬರೆಯಲಿಲ್ಲವಲ್ಲ, ಅದು ತಪ್ಪು" ಎಂದರು. ಮೇಷ್ಟರಲ್ಲವೇ, ತೂಗಿ ನೋಡಿಯೇ ಮಾತಾಡುತ್ತಿದ್ದರು.

ಆ ಐದು ತಿಂಗಳು ಅವರೇನು ಮಾಡಿದರು? ವಿಮಾನ ಹಾರದಿದ್ದರೂ ನಿಲ್ಲಿಸಿದ್ದಕ್ಕೆ ಬಾಡಿಗೆ ಕೊಡಬೇಕು, ವಿಮೆ ಕಟ್ಟಬೇಕು. ಕೆಲವು ಸ್ನೇಹಿತರು ಬೇಸತ್ತು ವಿಮಾನ ಮಾರಿದರು, ಕೆಲವರು ಹವ್ಯಾಸವನ್ನೇ ಬಿಟ್ಟರು. ಇವರು ಮಾತ್ರ ಶನಿವಾರ ಬಂತೆಂದರೆ ಬರುತ್ತಿದ್ದರಂತೆ. ಟಯರಿನ ಗಾಳಿ ನೋಡುವುದು, ಕಟ್ಟಿದ ಹಗ್ಗ ಬಿಗಿ ಮಾಡುವುದು, ಎಂಜಿನ್ನಿನ ಮುಚ್ಚಳದೊಳಗೆ ಹಕ್ಕಿಗಳು ತಂದು ತುರುಕಿದ ಹುಲ್ಲುಕಡ್ಡಿ ತೆಗೆಯುವುದು. ನಿಂತ ವಿಮಾನದಲ್ಲಿ ಹಕ್ಕಿ ಬಲುಬೇಗ ಗೂಡು ಕಟ್ಟುತ್ತದಂತೆ. ನೋಡದೆ ಎಂಜಿನ್ ಚಾಲೂ ಮಾಡಿದರೆ ಬೆಂಕಿ ಹತ್ತಬಹುದು. "ಹಾರುವಂತಿಲ್ಲ ಎಂದು ಗೊತ್ತಿದ್ದೂ ಯಾಕೆ ಬರುತ್ತಿದ್ದಿರಿ?" ಎಂದು ಕೇಳಿದೆ. "ನಾವು ಬರುವುದನ್ನು ನಿಲ್ಲಿಸಿದ್ದರೆ, ಇಲ್ಲಿ ಯಾರಿಗೂ ವಿಮಾನ ನಿಲ್ದಾಣ ಬೇಕಾಗಿಲ್ಲ ಎಂದು ಲೆಕ್ಕ ಹಾಕುವವರಿಗೆ ಸುಲಭವಾಗುತ್ತಿತ್ತು" ಎಂದರು.

2002ರ ಫೆಬ್ರವರಿಯಲ್ಲಿ ಬಾಗಿಲು ಅರ್ಧ ತೆರೆಯಿತು. ಇಲ್ಲಿ ವಿಮಾನವಿಟ್ಟವರು ಬೆರಳಚ್ಚು ಕೊಟ್ಟು, ಹಿನ್ನೆಲೆಯ ತಪಾಸಣೆಗೆ ಒಳಪಟ್ಟು, ಒಂದು ಗುಪ್ತಸಂಖ್ಯೆ ಪಡೆದರೆ ಹಾರಬಹುದು. ಹೊರಗಿನವರು ಬಂದಿಳಿಯುವಂತಿಲ್ಲ. ಅವರಿಗೂ ಇದೇ ತಪಾಸಣೆಯ ಮೇಲೆ ಅವಕಾಶವಾದದ್ದು 2005ರಲ್ಲಿ. ಅಷ್ಟರಲ್ಲಿ, 2003ರಲ್ಲಿ, ವಾಷಿಂಗ್ಟನ್ನಿನ ಸುತ್ತ ಆಕಾಶದಲ್ಲಿ ಇನ್ನೂ ದೊಡ್ಡದೊಂದು ವೃತ್ತ ಎಳೆದರು. ಅದೂ ತಾತ್ಕಾಲಿಕವೇ. ಆ ತಾತ್ಕಾಲಿಕ ವೃತ್ತವನ್ನು 2009ರ ಫೆಬ್ರವರಿಯಿಂದ ಖಾಯಂ ಮಾಡಿದರು. ಈಗಲೂ ಒಳವೃತ್ತ ಸುಮಾರು 28 ಕಿಲೋಮೀಟರ್, ಹೊರವೃತ್ತ ಸುಮಾರು 55 ಕಿಲೋಮೀಟರ್ ದೂರದವರೆಗೆ ಹರಡಿದೆ. ಒಳವೃತ್ತದ ನಡುವೆ ಸಿಕ್ಕಿಕೊಂಡದ್ದು ಕಾಲೇಜ್ ಪಾರ್ಕ್.

ಹಾಗಾಗಿ ಇಲ್ಲಿಂದ ಹೊರಡುವ ಪೈಲಟ್ ಮೊದಲು ಫೋನ್ ಮಾಡಿ, ಗುಪ್ತಸಂಖ್ಯೆ ಹೇಳಿ, ಎಲ್ಲಿಗೆ ಯಾವ ದಾರಿಯಲ್ಲಿ ಹೋಗುತ್ತೇನೆಂದು ದಾಖಲು ಮಾಡಬೇಕು. ಆಮೇಲೆ ರೇಡಿಯೋದಲ್ಲಿ ನಾಲ್ಕು ಅಂಕಿಯ ಒಂದು ಸಂಕೇತ ಕೊಡುತ್ತಾರೆ. ವಿಮಾನದೊಳಗಿನ ಒಂದು ಯಂತ್ರದಲ್ಲಿ ಆ ಅಂಕಿಗಳನ್ನು ತಿರುಗಿಸಿಟ್ಟರೆ, ರೇಡಾರ್ ಪರದೆಯ ಮೇಲೆ "ಇವನು ಇಂಥವನು" ಎಂದು ಗುರುತು ಸಿಗುತ್ತದೆ. ಅರ್ಧ ಗಂಟೆ ಆಕಾಶದಲ್ಲಿ ಸುತ್ತಿ ಬರುವುದಕ್ಕೂ ಇಷ್ಟೂ ವಿಧಿ ನಡೆಯಲೇಬೇಕು. ನಮ್ಮವರು "ಇದಕ್ಕಿಂತ ಸತ್ಯನಾರಾಯಣ ಪೂಜೆ ಬೇಗ ಮುಗಿಯುತ್ತದೆ" ಎಂದು ಕನ್ನಡದಲ್ಲಿ ಗೊಣಗಿದರು.

ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಅಜ್ಜ ಉದಾಹರಣೆ ಕೊಟ್ಟರು. 2005ರ ಮೇ 11ರಂದು ಪೆನ್ಸಿಲ್ವೇನಿಯಾದಿಂದ ದಕ್ಷಿಣಕ್ಕೆ ಹೊರಟ ಎರಡು ಸೀಟಿನ ವಿಮಾನವೊಂದು ದಾರಿ ತಪ್ಪಿ ಈ ವೃತ್ತದೊಳಗೆ ಬಂತು. ಯುದ್ಧವಿಮಾನಗಳು ಎದ್ದವು, ಎಚ್ಚರಿಕೆಯ ಬೆಂಕಿಯುಂಡೆ ಹಾರಿಸಿದವು. ಕೆಳಗೆ ಶ್ವೇತಭವನವನ್ನೂ ಸಂಸತ್ ಭವನವನ್ನೂ ಖಾಲಿ ಮಾಡಿಸಿ, ಜನರನ್ನು ಓಡಿ ಓಡಿ ಎಂದು ಹೊರಗಟ್ಟಿದರು. ಕೊನೆಗೆ ಆ ವಿಮಾನವನ್ನು ಫ್ರೆಡರಿಕ್ ಎಂಬ ಊರಿನಲ್ಲಿ ಇಳಿಸಿದರು. "ಅವರು ದುಷ್ಟರಲ್ಲ, ತಯಾರಿ ಸಾಲದವರು. ಆದರೆ ಅವರ ಅಂದಿನ ತಪ್ಪಿಗೆ ನಾವೆಲ್ಲ ವರ್ಷಗಟ್ಟಲೆ ಉತ್ತರ ಕೊಟ್ಟೆವು" ಎಂದು ಅಜ್ಜ ನಿಟ್ಟುಸಿರಿಟ್ಟರು. ನಾಲ್ಕು ಜನರಿರುವ ತರಗತಿಯಲ್ಲಿ ಒಬ್ಬ ಕಾಪಿ ಹೊಡೆದರೆ ಎಲ್ಲರನ್ನೂ ಬೆಂಚಿನ ಮೇಲೆ ನಿಲ್ಲಿಸುವ ಹಾಗೆ.

"ಹಾಗಾದರೆ ನೀವು ಹೊರಡುವ ಮೊದಲು ಏನೇನು ನೋಡಿಕೊಳ್ಳುತ್ತೀರಿ?" ಎಂದು ಮಗಳೇ ಕೇಳಿದಳು. ಅವಳ ಬೇಸರ ಯಾವಾಗಲೋ ಹೋಗಿತ್ತು. ಅಜ್ಜ ಬೆರಳು ಮಡಿಚುತ್ತಾ ಹೇಳಿದರು. ಎಲ್ಲಕ್ಕಿಂತ ಮೊದಲು ನೋಟಾಮ್. ಅದು ಪೈಲಟ್‌ಗಳಿಗಾಗಿ ಸರ್ಕಾರ ಹೊರಡಿಸುವ ಸೂಚನೆ. ಇಂಥ ನಿಲ್ದಾಣದ ರನ್‌ವೇ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಡಾಂಬರು ಕೆಲಸಕ್ಕೆ ಬಂದ್, ಇಲ್ಲಿ ಹಿಮ ತೆಗೆಯುತ್ತಿದ್ದಾರೆ, ಅಲ್ಲಿ ಪೆಟ್ರೋಲ್ ಪಂಪ್ ಕೆಟ್ಟಿದೆ, ಮತ್ತೊಂದೆಡೆ ವೈಮಾನಿಕ ಪ್ರದರ್ಶನ ಎಂದು ತುಂಡು ತುಂಡು ಅಕ್ಷರಗಳಲ್ಲಿ ಬರೆದಿರುತ್ತದೆ. ಎರಡನೆಯದು, ಓದಿದ ಮೇಲೂ ಇಳಿಯುವ ಊರಿನ ನಿಲ್ದಾಣಕ್ಕೆ ಒಂದು ಫೋನ್. ಬರೆದದ್ದಕ್ಕೂ ನಡೆದದ್ದಕ್ಕೂ ಅಂತರವಿರುವುದುಂಟು. ಮೂರನೆಯದು, ಅದು ಮುಚ್ಚಿದ್ದರೆ ಇಳಿಯಲು ಹತ್ತಿರದ ಇನ್ನೊಂದು ನಿಲ್ದಾಣದ ಹೆಸರು ಮೊದಲೇ ಕಾಗದದ ಮೇಲೆ. ನಾಲ್ಕನೆಯದು ಪೆಟ್ರೋಲ್. ಹಗಲಿನಲ್ಲಾದರೆ ಗುರಿ ಮುಟ್ಟಿದ ಮೇಲೂ ಅರ್ಧ ಗಂಟೆಗೆ, ರಾತ್ರಿಯಾದರೆ ಮುಕ್ಕಾಲು ಗಂಟೆಗೆ ಸಾಲುವಷ್ಟು ಉಳಿಯಬೇಕೆಂದು ಅಲ್ಲಿಯ ಕಾನೂನೇ ಇದೆ. "ಕಾನೂನು ಕೇಳುವಷ್ಟು ಸಾಲದು, ನಾನು ಯಾವಾಗಲೂ ಒಂದು ಗಂಟೆಯದು ಉಳಿಸಿಕೊಳ್ಳುತ್ತೇನೆ" ಎಂದರು.

ಮುಚ್ಚಿದ ರನ್‌ವೇಯ ಎರಡೂ ತುದಿಗೆ ದೊಡ್ಡ ಹಳದಿ ಇಂಟು ಮಾರ್ಕು ಹಾಸುತ್ತಾರಂತೆ. ಆಕಾಶದಿಂದ ಅದು ಕಂಡರೆ ಇಳಿಯಬಾರದು. "ಹೊಸದಾಗಿ ಕಲಿತವರಿಗೆ ಆಗ ಎದೆ ಧಸಕ್ಕೆನ್ನುತ್ತದೆ. ಇಷ್ಟು ದೂರ ಬಂದಿದ್ದೇನೆ, ಹೇಗಾದರೂ ಇಳಿದುಬಿಡೋಣ ಎನ್ನಿಸುತ್ತದೆ. ಆ ಆಸೆಯೇ ಅಪಾಯ. ಬೇರೆ ದಾರಿ ಮೊದಲೇ ಬರೆದುಕೊಂಡವನು ಸುಮ್ಮನೆ ತಿರುಗಿಕೊಂಡು ಹೋಗುತ್ತಾನೆ" ಎಂದರು ಅಜ್ಜ. ನನಗೆ ನಮ್ಮ ಶಾಲೆಯ ಉತ್ತರಪತ್ರಿಕೆಗಳ ಮೇಲಿನ ಕೆಂಪು ಇಂಟು ಮಾರ್ಕುಗಳು ನೆನಪಾದವು. ಹತ್ತನೆಯ ತರಗತಿಯಲ್ಲೋ ಹನ್ನೆರಡರಲ್ಲೋ ಒಂದು ಬಾಗಿಲು ಮುಚ್ಚಿತೆಂದು ಬದುಕೇ ಮುಗಿದಂತೆ ಕೂರುವ ಮಕ್ಕಳಿಗೆ ಈ ಮಾತು ಯಾರಾದರೂ ಹೇಳಬೇಕು.

ಇಂಥ ಬಂದ್‌ಗಳು ವಾಷಿಂಗ್ಟನ್ನಿಗೆ ಮಾತ್ರ ಸೀಮಿತವಲ್ಲ. ಅಮೆರಿಕದ ಅಧ್ಯಕ್ಷರು ಹೋದಲ್ಲೆಲ್ಲ ಅವರ ತಲೆಯ ಮೇಲೊಂದು ತಾತ್ಕಾಲಿಕ ವೃತ್ತ ಹೋಗುತ್ತದೆ. ಫ್ಲಾರಿಡಾದಲ್ಲಿ ಲಂಟಾನ ಎಂಬ ಊರಿದೆ. ನಮ್ಮ ಮಲೆನಾಡಿನ ಬೇಲಿಗಳಲ್ಲಿ ಹಬ್ಬಿರುವ ಗಿಡದ ಹೆಸರೇ! 2017ರಲ್ಲಿ ಅಧ್ಯಕ್ಷರು ವಾರಾಂತ್ಯಕ್ಕೆ ಪಾಮ್ ಬೀಚಿನ ತಮ್ಮ ಮನೆಗೆ ಬಂದಾಗಲೆಲ್ಲ ಅಲ್ಲಿಂದ ಕೆಲವೇ ಮೈಲಿ ದೂರದ ಲಂಟಾನ ನಿಲ್ದಾಣದಲ್ಲಿ ಹಾರಾಟ ನಿಲ್ಲುತ್ತಿತ್ತು. ಹವ್ಯಾಸಿಗಳೂ ಕಲಿಯುವವರೂ ಹೆಚ್ಚಾಗಿ ಬರುವುದೇ ಶನಿವಾರ ಭಾನುವಾರ. ಸಂತೆಯ ದಿನವೇ ಅಂಗಡಿ ಮುಚ್ಚಿಸಿದರೆ ವ್ಯಾಪಾರಿ ಬದುಕುವುದು ಹೇಗೆ? ಹಾರಾಟ ಕಲಿಸುವ ಶಾಲೆ, ರಿಪೇರಿಯವರು, ಪೆಟ್ರೋಲ್ ಮಾರುವವರು ಎಲ್ಲರಿಗೂ ಪೆಟ್ಟು. ದೊಡ್ಡ ನಿಲ್ದಾಣವಾದರೆ ಒಂದು ದಿನದ ನಷ್ಟವನ್ನು ನುಂಗಿಕೊಳ್ಳುತ್ತದೆ. ಚಿಕ್ಕದಕ್ಕೆ ಆ ಒಂದು ದಿನವೇ ವಾರದ ಊಟ.

ಮಾತಿನ ನಡುವೆ ಒಂದು ಬಿಳಿಯ ವಿಮಾನ ಮರಗಳ ಮೇಲಿನಿಂದ ಇಳಿದು ಬಂತು. ಅಜ್ಜ ಮಾತು ನಿಲ್ಲಿಸಿ, ಚಕ್ರ ನೆಲಕ್ಕೆ ತಾಗುವವರೆಗೂ ನೋಡಿದರು. ಹದಿನೆಂಟು ವರ್ಷಗಳ ಹಿಂದೆ ಮುಚ್ಚಿದ್ದ ಜಾಗದಲ್ಲಿ ಇಳಿಯುವ ಒಂದೊಂದು ವಿಮಾನವನ್ನೂ ಅವರು ಹೀಗೆಯೇ ನೋಡುತ್ತಾರೇನೋ.

ಮರಳುವಾಗ ರೈಲಿನಲ್ಲಿ ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಮನೆಗೆ ಬಂದು ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು: "ಅಮ್ಮಾ, ನನ್ನ ಕನ್ನಡ ಕ್ಲಾಸ್ ಯಾಕೆ ನಿಂತಿದ್ದು?"

ನನ್ನ ಕೈಯ ಸೌಟು ಹಾಗೇ ನಿಂತಿತು. ನಿಲ್ಲಿಸಿದವಳು ನಾನೇ. ಭಾನುವಾರ ಬೆಳಿಗ್ಗೆ ಸಂಘದಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಅವಳು ನಾಲ್ಕು ವರ್ಷ ಹೋಗಿದ್ದಳು. ಕಾಗುಣಿತ ಮುಗಿಸಿ, ಚಿಕ್ಕ ಚಿಕ್ಕ ಕತೆಗಳನ್ನು ತಡವರಿಸುತ್ತಾ ಓದುವಷ್ಟು ಬಂದಿದ್ದಳು. 2006ರಲ್ಲಿ ಹತ್ತನೆಯ ತರಗತಿ. ಗಣಿತದ ಟ್ಯೂಷನ್ನಿಗೆ ಭಾನುವಾರವೇ ಸಮಯ ಸಿಕ್ಕಿತು. "ಪರೀಕ್ಷೆ ಮುಗಿಯುವವರೆಗೆ ಮಾತ್ರ, ತಾತ್ಕಾಲಿಕವಾಗಿ" ಎಂದು ಮೇಡಮ್ಮನವರಿಗೆ ಹೇಳಿದವಳು ನಾನು. ಪರೀಕ್ಷೆ ಮುಗಿಯಿತು, ಕಾಲೇಜು ಬಂತು, ಎಂಟ್ರೆನ್ಸ್ ಬಂತು, ನೌಕರಿ ಬಂತು, ಅಮೆರಿಕ ಬಂತು. ಕ್ಲಾಸ್ ಮಾತ್ರ ಮತ್ತೆ ಬರಲಿಲ್ಲ. ಸೊಗಸಾಗಿ ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಅಜ್ಜಿ ಸಾಯುವ ಮುನ್ನ ಅವಳಿಗೆ ಕನ್ನಡದಲ್ಲಿ ಬರೆದ ನಾಲ್ಕು ಕಾಗದಗಳು ಅವಳ ಪೆಟ್ಟಿಗೆಯಲ್ಲಿವೆ. ಅವನ್ನು ಓದಿ ಹೇಳಿದವಳೂ ನಾನೇ.

ಯಾವ ಸರ್ಕಾರವೂ ನಮ್ಮ ಮೇಲೆ ಹೇರಿದ್ದಲ್ಲ ಇದು. ಯಾವ ಭಯೋತ್ಪಾದಕನ ಕೆಲಸವೂ ಅಲ್ಲ. ಮಾರ್ಕಿನ ಭಯದಲ್ಲಿ ನಾನೇ ಹಾಕಿದ ಹಳದಿ ಇಂಟು ಮಾರ್ಕು. ಅದನ್ನು ತೆಗೆಯುವ ತಾರೀಕನ್ನು ನಾನು ಬರೆದಿಡಲಿಲ್ಲ, ಅಷ್ಟೇ. ಅಜ್ಜನ ಹಾಗೆ ಪ್ರತಿ ಶನಿವಾರ ಹೋಗಿ ಗೂಡು ತೆಗೆದು ಬಂದಿದ್ದರೆ, ವಾರಕ್ಕೆ ಒಂದು ಪುಟ ಓದಿಸಿದ್ದರೆ, ಆ ಎಂಜಿನ್ ಮತ್ತೆ ಚಾಲೂ ಆಗುತ್ತಿತ್ತು.

"ತಪ್ಪು ನಂದೇ ಕಣೇ" ಎಂದೆ. ಅವಳು ಜಗಳವಾಡಲಿಲ್ಲ. "ಈಗ ಓಪನ್ ಮಾಡಬಹುದಾ?" ಎಂದು ಕೇಳಿದಳು.

ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಪದ್ಧತಿ ಬಂದಿವೆ. ಒಂದು, ಯಾರೇ ಎಲ್ಲಿಗೇ ಹೊರಟರೂ "ನೋಟಾಮ್ ನೋಡಿದೆಯಾ?" ಎಂದು ಕೇಳುವುದು. ಬ್ಯಾಂಕಿಗೆ ಹೊರಟ ನಮ್ಮವರನ್ನು ನಾನು ಹೀಗೆ ಕೇಳಿ ಎರಡನೇ ಶನಿವಾರವೆಂದು ನೆನಪಿಸಿದ್ದುಂಟು. ಎರಡನೆಯದು, ಭಾನುವಾರ ರಾತ್ರಿ ಫೋನಿನಲ್ಲಿ ಅರ್ಧ ಗಂಟೆ ಕನ್ನಡ ಓದು. ನಡುವೆ ಎಷ್ಟೋ ವಾರ ತಪ್ಪಿದೆ. ಆದರೆ ಈಗ ತಪ್ಪಿದಾಗಲೆಲ್ಲ ಮತ್ತೆ ಯಾವಾಗ ಎಂದು ದಿನ ಗೊತ್ತು ಮಾಡಿಯೇ ಫೋನ್ ಇಡುತ್ತೇವೆ.

2022ರ ನವೆಂಬರಿನಲ್ಲಿ ಮಗಳು ಒಂದು ಸುದ್ದಿ ತಿಳಿಸಿದಳು. ಮೇರಿಲ್ಯಾಂಡ್ ಥ್ರೀಗಳಲ್ಲಿ ಒಂದಾದ ಹೈಡ್ ಫೀಲ್ಡ್ ಶಾಶ್ವತವಾಗಿ ಮುಚ್ಚಿತು. 2001ರ ಪೆಟ್ಟನ್ನು ತಡೆದುಕೊಂಡು ಎರಡು ದಶಕ ಉಸಿರು ಹಿಡಿದಿದ್ದ ನಿಲ್ದಾಣ. ಅಲ್ಲೂ ಇಂಥ ಒಬ್ಬ ಅಜ್ಜ ಇದ್ದಿರಬಹುದು, ಅವರೀಗ ಶನಿವಾರ ಎಲ್ಲಿಗೆ ಹೋಗುತ್ತಾರೋ ಎಂದು ನನಗೆ ಸಂಕಟವಾಯಿತು. ಮರುವರ್ಷ, 2023ರ ಜನವರಿ 11ರಂದು, ನೋಟಾಮ್ ಕಳಿಸುವ ಯಂತ್ರವ್ಯವಸ್ಥೆಯೇ ಕೆಟ್ಟು, ಅಮೆರಿಕದಾದ್ಯಂತ ಹೊರಡಬೇಕಾಗಿದ್ದ ವಿಮಾನಗಳನ್ನು ಬೆಳಗಿನ ಹೊತ್ತು ತಡೆದು ನಿಲ್ಲಿಸಿದರು. ಯಾರೂ ಗಮನಿಸದ ಆ ತುಂಡು ಅಕ್ಷರಗಳ ಸೂಚನೆ ಇಲ್ಲದೆ ಅಷ್ಟು ದೊಡ್ಡ ದೇಶದ ದೊಡ್ಡ ವಿಮಾನಗಳೂ ನೆಲ ಬಿಡಲಾರವು ಎಂದು ಆಗ ತಿಳಿಯಿತು. ಕಾಲೇಜ್ ಪಾರ್ಕ್ ಮಾತ್ರ ಇನ್ನೂ ನಡೆಯುತ್ತಿದೆ. ಬೆರಳಚ್ಚು, ಗುಪ್ತಸಂಖ್ಯೆ ಎಲ್ಲ ಸಹಿಸಿಕೊಂಡು ಹಾರುವವರು ಅಲ್ಲಿ ಇನ್ನೂ ಇದ್ದಾರೆ. ಅದಕ್ಕೇ ನಿಲ್ದಾಣವೂ ಇದೆ.

ಎಳೆಯರೇ, ನೀವು ಉದ್ಯೋಗಕ್ಕೋ ಓದಿಗೋ ಆ ಕಡೆ ಹೋದರೆ ಹಸಿರು ಲೈನಿನ ರೈಲು ಹತ್ತಿ ಒಮ್ಮೆ ಅಲ್ಲಿ ಇಳಿಯಿರಿ. ಹೋಗುವ ಮೊದಲು ವಸ್ತುಸಂಗ್ರಹಾಲಯ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ. ಅಮೆರಿಕೆಗೆ ಹೋಗದಿದ್ದರೆ ಜುಹೂವಿನ ಗೋಡೆಯ ಬಳಿ ಒಂದು ನಿಮಿಷ ನಿಂತು, ಬಳ್ಳಾರಿಯ ಕಡೆಗೆ ಹೋದ ಆ ಅಂಚೆಯ ಚೀಲಗಳನ್ನು ನೆನೆಯಿರಿ.

ಈ ಬರಹವನ್ನು ಮಗಳಿಗೆ ಕಳಿಸುತ್ತೇನೆ ಎಂದಾಗ, "ಫೋನಿನಲ್ಲಿ ನೀನು ಓದಬೇಡ, ನಾನೇ ಓದ್ತೀನಿ" ಎಂದಿದ್ದಾಳೆ. ಒಂದು ಭಾನುವಾರಕ್ಕೆ ಒಂದು ಪ್ಯಾರಾದಂತೆ ಓದಿದರೂ ದೀಪಾವಳಿ ದಾಟಿ ಯುಗಾದಿಯವರೆಗೆ ಸಾಕಾಗಬಹುದು. ಅವಸರವೇನೂ ಇಲ್ಲ. ರನ್‌ವೇ ತೆರೆದಿದೆ.